ತೊಳೆದೋಲೆಯ ಬಂಡೆ

ತುರ್ಕಿಯ ಪಶ್ಚಿಮದ ಬೆಟ್ಟಗಳ ನಡುವೆ, ಬಸ್ಸು ಹತ್ತಲಾರದ ಒಂದು ಹಳ್ಳಿಯ ತೊರೆಯ ದಡದಲ್ಲಿ ಮಂಚದಷ್ಟು ಅಗಲದ ಬಿಳಿ ಬಂಡೆಯೊಂದಿದೆ. ಅದರ ಎರಡೂ ಬದಿಗೆ ಕಲ್ಲಿನಲ್ಲಿ ಕೊರೆದ ಕಾಲುವೆಗಳು. ಎರಡೂ ಒಂದೇ ಅಗಲ. ಊರವರು ಕರೆಯುವ ಹೆಸರನ್ನು ಕನ್ನಡಕ್ಕೆ ತಂದರೆ ‘ತೊಳೆದೋಲೆಯ ಬಂಡೆ’. ಸಂತರ ಹೆಜ್ಜೆಗುರುತುಗಳನ್ನು ನಾನು ಎಷ್ಟೋ ದೇಶಗಳಲ್ಲಿ ನೋಡಿದ್ದೇನೆ. ಒಬ್ಬನೇ ಸಂತನ ಪಾದ ಊರಿಂದೂರಿಗೆ ಗೇಣುದ್ದ ಬೆಳೆದದ್ದೂ ಉಂಟು. ಈ ಬಂಡೆಯ ಮೇಲೆ ಯಾರ ಪಾದವೂ ಇಲ್ಲ. ಅದಕ್ಕೇ ಇದರ ಕಥೆಯನ್ನು ನಂಬಲು ನನಗೆ ಆಸೆ.

ಹಿಂದೆ ಒಮ್ಮೆ ಇದು ಬಟ್ಟೆಗೆ ಬಣ್ಣ ಹಾಕುವವರ ಊರಾಗಿತ್ತು ಎನ್ನುತ್ತಾರೆ. ಕ್ರೈಸ್ತರಿಗೆ ಆಗಿನ್ನೂ ಗುಡಿಯಿಲ್ಲ, ತಮ್ಮದೆನ್ನುವ ಗ್ರಂಥವಿಲ್ಲ. ಇದ್ದದ್ದು ಬೋಧಕರು ಬರೆಯುತ್ತಿದ್ದ ಓಲೆಗಳು. ಒಂದೂರಿನವರು ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಿ, ನಕಲು ಇಟ್ಟುಕೊಂಡು, ಮೂಲವನ್ನು ಮುಂದಿನ ಊರಿಗೆ ಕಳಿಸಬೇಕು. ಈ ಊರಿಗೆ ಬಂದ ಓಲೆಯನ್ನು ನಾಲ್ಕು ವಾರ ಓದಿದರು. ಎಲ್ಲರಿಗೂ ಬಾಯಿಪಾಠವಾಯಿತು, ನಕಲು ಮಾತ್ರ ನಾಳೆ ನಾಳೆ ಎಂದು ಉಳಿಯಿತು. ಒಯ್ಯಲು ಜೋಸಿಮನೆಂಬ ಓಲೆಕಾರ ಬಂದ ಬೆಳಿಗ್ಗೆ, ಪಂಕ್ತಿ ಕೂಡುತ್ತಿದ್ದ ಮನೆಯ ಒಡತಿ ಮೆಲೀತಾ ಓಲೆಯ ಮೇಲೆ ಸಾರಿನ ಕಲೆ ಕಂಡಳು. ಅವಳ ಕಸುಬು ಬಣ್ಣ ಹಾಕುವುದು. ಬರೆದವನೂ ತನ್ನಂತೆ ನೀರಿಗೆ ಬಿಡದ ಬಣ್ಣವನ್ನೇ ಹಾಕಿರುತ್ತಾನೆಂದು ನಂಬಿ, ಓಲೆಯನ್ನು ತೊರೆಯಲ್ಲಿ ಅದ್ದಿ ಬಂಡೆಯ ಮೇಲೆ ಹರವಿದಳು. ಅದು ಕಾಡಿಗೆ ಮತ್ತು ಗೋಂದಿನ ಮಸಿ. ಕಲೆ ಉಳಿಯಿತು, ಅಕ್ಷರ ಹೋಯಿತು.

“ಬೇಕೆಂದೇ ತೊಳೆದಿದ್ದಾಳೆ,” ಎಂದಳು ಕೆಳಮನೆಯ ತ್ರುಫೇರಾ. ಓಲೆಯಲ್ಲಿ ಮೆಲೀತಾಳಿಗೆ ಬೈಗುಳವಿದ್ದದ್ದು ಊರಿಗೆಲ್ಲ ಗೊತ್ತಿತ್ತು.

“ಹೇಳಿ, ಮತ್ತೆ ಬರೆಯುತ್ತೇನೆ,” ಎಂದು ಜೋಸಿಮ ಬಂಡೆಯ ಮೇಲೆ ಕೂತ. “ಒಂದು ಸಾಲು ಬಿಟ್ಟರೂ ಒಯ್ಯುವುದಿಲ್ಲ ತಾಯಿ. ಈ ಮನೆಗೆ ಇನ್ನು ಓಲೆ ತರುವುದೂ ಇಲ್ಲ.”

ಊರವರು ಸರದಿಯಂತೆ ಹೇಳಿದರು. ಹೊಗಳಿಕೆಯ ಸಾಲುಗಳನ್ನು ನಾಲ್ಕು ನಾಲ್ಕು ಮಂದಿ ಒಟ್ಟಿಗೆ ಹೇಳಿದರು. ಬೈಗುಳದ ಜಾಗ ಬಂದಾಗ ಎಲ್ಲರಿಗೂ ಕೆಮ್ಮು. ಮೆಲೀತಾ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. “ಬರೆದುಕೋ: ‘ಮೆಲೀತಾ, ತಿಳಿನೀರನ್ನು ನೀನು ಕಟ್ಟಿಟ್ಟುಕೊಂಡು ಕೆಳಮನೆಗೆ ಬಣ್ಣದ ಕೊಳೆ ಬಿಡುತ್ತೀಯಂತೆ. ಒಂದೇ ರೊಟ್ಟಿ ಮುರಿದು ತಿನ್ನುವವರಿಗೆ ಎರಡು ಬಗೆಯ ನೀರೇ?’”

ಒಂದಕ್ಷರ ತಪ್ಪಿರಲಿಲ್ಲ. ಅವಳು ಅಲ್ಲಿಗೇ ನಿಲ್ಲಿಸಿ ತ್ರುಫೇರಾಳನ್ನು ನೋಡಿದಳು. ಊರೂ ನೋಡಿತು.

“ನೋಡಬೇಡಿ, ಹೇಳುತ್ತೇನೆ,” ಎಂದಳು ತ್ರುಫೇರಾ. “‘ತ್ರುಫೇರಾ, ನೆರೆಯವಳ ತಪ್ಪನ್ನು ಇಷ್ಟು ದೂರ ನನಗೆ ಬರೆಯಿಸಿ ಕಳಿಸಿದೆ. ಹತ್ತು ಹೆಜ್ಜೆ ಹತ್ತಿ ಅವಳಿಗೇ ಹೇಳಬಾರದಿತ್ತೇ?’ ಆಯಿತಲ್ಲ? ಇನ್ನು ನೀರು ಬಿಡೇ, ಮಾರಾಯ್ತಿ!”

ಊರೆಲ್ಲ ನಕ್ಕ ಆ ನಗು ಮುಂದಿನ ಊರಿಗೂ ಕೇಳಿಸಿತು ಎನ್ನುತ್ತಾರೆ. ಜೋಸಿಮ ಈ ಸಲ ಎರಡು ಪ್ರತಿ ಬರೆದ. ವಾರದೊಳಗೆ ಬಂಡೆಯ ಬದಿಗೆ ಕಾಲುವೆಗಳು ಎರಡಾದವು, ತಿಳಿನೀರಿಗೆ ಮನೆಗೊಂದರಂತೆ.

ಆ ಪ್ರತಿಗಳು ಏನಾದವೋ ಯಾರಿಗೂ ತಿಳಿಯದು. ನೀರು ಇಂದಿಗೂ ಎರಡೂ ಕಡೆ ಸಮನಾಗಿ ಹರಿಯುತ್ತದೆ. ಊರಿನಲ್ಲೀಗ ಬೇರೆ ಧರ್ಮದವರಿದ್ದಾರೆ. ಆದರೂ ಜಗಳವಾಡಿದ ನೆರೆಯವರನ್ನು ಈ ಬಂಡೆಯ ಮೇಲೇ ಕೂರಿಸುತ್ತಾರೆ, ಇಬ್ಬರೂ ಮೊದಲು ತಮ್ಮ ತಪ್ಪನ್ನೇ ಹೇಳಬೇಕು. ನಾನು ಹೋದ ದಿನ ಇಬ್ಬರು ಹೆಂಗಸರು ಅಲ್ಲಿ ಬಿಗಿದ ಮುಖದಿಂದ ಕೂತಿದ್ದರು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. “ಬೆಳಿಗ್ಗೆಯಿಂದ,” ಎಂದರು, ಇಬ್ಬರೂ ಒಟ್ಟಿಗೆ.