ಜಿಗಣೆಯ ಸಲಹೆ

ಕೆರೆಯ ಎಮ್ಮೆಗಳ ಕಾಲುಗಳು ಊದಿಕೊಂಡವು. ಯಾವ ಊತಕ್ಕೆ ಯಾವ ಚಿಕಿತ್ಸೆಯೆಂದು ನಿಯಮ ಮಾಡಲು ಆಮೆಯಜ್ಜ ಸಭೆ ಕರೆದ.

ಊತದ ವಿಷಯ ಚೆನ್ನಾಗಿ ಬಲ್ಲ ಜಿಗಣೆ, “ಎಲ್ಲಕ್ಕೂ ನಾನು ರಕ್ತ ಹೀರುವುದೇ ಮದ್ದು,” ಎಂದಳು.

“ಬಡಕಲು ಕರುವಿಗೂ?” ಎಂದು ಆಮೆ ಕೇಳಿದ.

“ಅದಕ್ಕೂ.”

“ಬಲ್ಲದ್ದನ್ನೆಲ್ಲ ಹೇಳು ಮಗಳೇ, ಕೇಳುತ್ತೇವೆ. ತೀರ್ಮಾನಿಸುವಾಗ ನೀನು ಬಂಡೆಯ ಆಚೆಗಿರು.”

ಜಿಗಣೆಗೆ ನೋವಾಯಿತು. “ನಾನು ಸುಳ್ಳು ಹೇಳುವವಳೇ ಅಜ್ಜಾ?”

“ಅಲ್ಲ. ಆದರೆ ನಿನ್ನ ಹಸಿವೂ ನಿನ್ನ ದನಿಯಲ್ಲೇ ಮಾತಾಡುತ್ತದೆ. ಯಾವುದು ಯಾರ ಮಾತೆಂದು ನಿನಗೇ ತಿಳಿಯದು.”

ಜಿಗಣೆ ಬಲ್ಲದ್ದನ್ನೆಲ್ಲ ಹೇಳಿ ಬಂಡೆಯ ಆಚೆ ಹೋದಳು. ಕೆಟ್ಟ ರಕ್ತ ಕಟ್ಟಿದ ಊತಕ್ಕಷ್ಟೇ ಜಿಗಣೆ, ಉಳಿದದ್ದಕ್ಕೆಲ್ಲ ಕೆಸರಿನ ಲೇಪ ಎಂದು ಸಭೆ ತೀರ್ಮಾನಿಸಿತು. ಆಚೆಯಿಂದ ಕೇಳಿಸಿಕೊಂಡ ಜಿಗಣೆಗೆ ಅದು ಸರಿಯೆನಿಸಿತು. ಅವಳ ಹೊಟ್ಟೆ ಮಾತ್ರ ಒಪ್ಪಲಿಲ್ಲ.