ಗಾಳಿ ತೂಗಿದರೆ ಮಾತ್ರ ತೂಗುವ ಕಡ್ಡಿಹುಳ

ಲೋಕ ಇನ್ನೂ ಹಸಿಹಸಿಯಾಗಿದ್ದಾಗಿನ ಮಾತು. ಸಮುದ್ರಕ್ಕೆ ಉಪ್ಪು ಕೂಡ ಹದವಾಗಿ ಹಿಡಿದಿರಲಿಲ್ಲ ಅನ್ನಿ. ಕಡಲ ನಡುವೆ ಒಂದು ಪುಟ್ಟ ನಡುಗಡ್ಡೆ. ಅಲ್ಲಿ ಕಡ್ಡಿಹುಳಗಳು ಹಾಡುಹಗಲೇ ಬಂಡೆಯ ಮೇಲೆ ಪೇಟೆ ಸುತ್ತಿದ ಹಾಗೆ ಸುತ್ತುತ್ತಿದ್ದವು. ಹೆದರಿಕೆಯೇ ಗೊತ್ತಿಲ್ಲ, ಹೆದರಿಸುವವರು ಇದ್ದರೆ ತಾನೆ?

ಅವುಗಳದೊಂದು ಪದ್ಧತಿ. ತೆರೆ ಯಾರನ್ನೇ ದಡಕ್ಕೆ ತರಲಿ, ಸಾಲಾಗಿ ಹೋಗಿ, ಮೀಸೆಯಿಂದ ಬಂದವರ ಮೂಗು ಮುಟ್ಟಿ, "ಬನ್ನಿ" ಅನ್ನಬೇಕು. ತೇಲಿಬಂದ ತೆಂಗಿನಕಾಯಿಗೂ ಆ ಮರ್ಯಾದೆ ಸಿಕ್ಕಿತ್ತು. ವರ್ಷಕ್ಕೊಮ್ಮೆ ಮೀನು ಒಣಗಿಸಲು ಬರುವ ದೂಮಣ್ಣನಂತೂ ಮೂಗು ಬಗ್ಗಿಸಿಕೊಂಡೇ ದೋಣಿ ಇಳಿಯುತ್ತಿದ್ದ.

ಒಂದು ವರ್ಷ ಅವನ ಅಕ್ಕಿಮೂಟೆಯೊಳಗೆ ತುಂಬು ಬಸುರಿ ಇಲಿಯೊಂದು ಸಿಕ್ಕಿತು. ಬಸುರಿಯನ್ನು ನೀರಿಗೆಸೆಯಲು ಮನಸ್ಸು ಬರಲಿಲ್ಲ. ಇಲ್ಲೇ ಹೆತ್ತು ಸುಖವಾಗಿರು ಮಾರಾಯ್ತಿ ಎಂದು ಬಿಟ್ಟುಹೋದ.

ಹುಳಗಳು ಸಾಲಾಗಿ ಬಂದವು. ಮೊದಲನೆಯದು ಮೂಗು ಮುಟ್ಟಿತು, ಇಲಿ ತಿಂದಿತು. ಎರಡನೆಯದು ಮುಟ್ಟಿತು, ಇಲಿ ತಿಂದಿತು. ಸಾಲು ಮುರಿಯಬಾರದಲ್ಲ, ಮೂರನೆಯದೂ ಹೋಯಿತು. ಇಲಿ ಹೆತ್ತಿತು, ಅದರ ಮರಿಗಳೂ ಹೆತ್ತವು. ಅತಿಥಿಗಳು ಹೆಚ್ಚಿದಷ್ಟೂ ಸಾಲು ಗಿಡ್ಡವಾಯಿತು.

ಕೊನೆಗೆ ಉಳಿದವರು ಇಬ್ಬರೇ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಕಡ್ಡಕ್ಕ, ಅವಳ ಗಂಡನ ಅಕ್ಕ ನಾರಕ್ಕ. ಇಲಿಗಳನ್ನು ಹಾರಿಸಿಕೊಂಡು ಹೋಗು ಎಂದು ಕಡ್ಡಕ್ಕ ಗಾಳಿಯ ಮುಂದೆ ಅತ್ತಳು.

"ಅಷ್ಟು ಬಲ ನನಗೆಲ್ಲಿ ತಂಗಿ," ಎಂದಿತು ಗಾಳಿ. "ಪೊದೆಯಲ್ಲಿ ಕಡ್ಡಿಯಾಗಿ ನಿಲ್ಲು. ನಾನು ತೂಗಿದರೆ ತೂಗು. ಯಾರು ಕರೆದರೂ ತಿರುಗಬೇಡ."

ನಾರಕ್ಕ ಮೂತಿ ತಿರುವಿದಳು. "ಬಂದವರಿಗೆ ಬೆನ್ನು ತೋರಿಸುವುದೇ? ನಿನ್ನ ತವರಲ್ಲಿ ಇದನ್ನೇ ಕಲಿಸಿದರಾ?"

ಇಲಿ ಬಂತು. ನಾರಕ್ಕ ಇಳಿದುಹೋಗಿ "ಬನ್ನಿ" ಅಂದಳು. ಆಮೇಲೆ ಒಂದೇ ಒಂದು ಸಲ, "ಕಡ್ಡಕ್ಕಾ" ಎಂದು ಕೂಗಿದಳು.

ಕಡ್ಡಕ್ಕ ತಿರುಗಲಿಲ್ಲ. ಗಾಳಿ ತೂಗಿತು, ಅವಳೂ ತೂಗಿದಳು. ಇಲಿ ಅವಳ ಕಾಲನ್ನು ಮೂಸಿ, ಒಣಕಡ್ಡಿ ಎಂದುಕೊಂಡು ಮುಂದೆ ಹೋಯಿತು. ಮೊಟ್ಟೆಗಳು ಒಂದೊಂದಾಗಿ ಬಂಡೆಯ ಬಿರುಕಿಗೆ ಉದುರಿದವು.

ಮರುವರ್ಷ ದೂಮಣ್ಣ ಮೂಗು ಬಗ್ಗಿಸಿಕೊಂಡು ಬಹಳ ಹೊತ್ತು ಕಾದ. ಬಂಡೆಯ ತುಂಬ ಇಲಿಹಿಕ್ಕೆ. ಪೊದೆ ಪೊದೆಗೂ ಹೋಗಿ ಕರೆದ. ಕಡ್ಡಕ್ಕ ಅವನ ಮೂಗಿನ ಮುಂದೆಯೇ ಇದ್ದಳು, ಓಗೊಡಲಿಲ್ಲ.

"ಬಸುರಿ ಇಲಿಯ ಜೀವ ಉಳಿಸಿದೆ ಅಂದುಕೊಂಡಿದ್ದೆನಲ್ಲ," ಎಂದ ದೂಮಣ್ಣ.

ಅದಕ್ಕೇ ಮಗು, ಇವತ್ತಿಗೂ ಕಡ್ಡಕ್ಕನ ಕುಲದ ಈ ಬೇಲಿಯ ಕಡ್ಡಿಹುಳ ಗಾಳಿ ಬೀಸಿದರೆ ತೂಗುತ್ತದೆಯೇ ಹೊರತು, ನೀನು ಎಷ್ಟು ಅಕ್ಕರೆಯಿಂದ ಕರೆದರೂ ತಿರುಗಿ ನೋಡುವುದಿಲ್ಲ.