ನಾಲ್ಕು ಬೆರಳು ಎತ್ತರದ ಎತ್ತು

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕಳಿಸುತ್ತಾನೆ. ಹೊನ್ನಾಜಮ್ಮನ ಮಗ ಬೆಟ್ಟಯ್ಯನಿಗೆ ತೋಳಲ್ಲಿ ಬಲ ಕೊಟ್ಟ, ಹೇಳಿದ ಮಾತು ಮೀರದ ಗುಣ ಕೊಟ್ಟ. ಬುದ್ಧಿ ಕೊಡುವ ಹೊತ್ತಿಗೆ ಯಾರೋ ಭಕ್ತರು ಕೂಗಿರಬೇಕು, ಅತ್ತ ತಿರುಗಿಬಿಟ್ಟ. ತಾಯಿ ದಿನವೂ ದೀಪ ಹಚ್ಚುವಾಗ, "ಸ್ವಾಮಿ, ಇತ್ತಲೂ ಒಂದು ಸಲ ತಿರುಗಪ್ಪ" ಎನ್ನುತ್ತಿದ್ದಳು.

ಅವರಿಗೆ ಇದ್ದದ್ದು ಒಂದು ತುಂಡು ಹೊಲ, ಒಂದು ಜೊತೆ ಹಳ್ಳಿಕಾರ್ ಎತ್ತು. ಆ ವರ್ಷ ಜೊತೆಯಲ್ಲಿ ಒಂದಕ್ಕೆ ಹಾವು ಮುಟ್ಟಿ ಸತ್ತುಹೋಯಿತು. ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ವಾರದೊಳಗೆ ಉತ್ತು ರಾಗಿ ಚೆಲ್ಲದಿದ್ದರೆ ಹದ ಆರುತ್ತದೆ. ಹದ ಆರಿದರೆ ವರ್ಷವೆಲ್ಲ ಮನೆಯಲ್ಲಿ ಹಿಟ್ಟಿಲ್ಲ. ಒಂಟಿ ಎತ್ತಿನಲ್ಲಿ ಉಳುವುದುಂಟೇ?

ಹೊನ್ನಾಜಮ್ಮ ಉಳಿದ ಎತ್ತನ್ನು ನಿಲ್ಲಿಸಿ, ಗೊರಸಿನಿಂದ ಹೆಗಲ ಮೇಲಿನ ಹಿಣಿಲಿನವರೆಗೆ ಹಗ್ಗ ಹಿಡಿದು ಅಳೆದು ಗಂಟು ಹಾಕಿದಳು.

"ಮಗ, ನಿನ್ನ ಸೋದರಮಾವನ ಹಟ್ಟಿಗೆ ಹೋಗು. ಉತ್ತ ಮೇಲೆ ತಿರುಗಿ ಕೊಡ್ತೀವಿ ಅಂತ ಹೇಳಿ, ಈ ಗಂಟಿಗೆ ಸಮ ಬರೋದನ್ನ ಹಿಡಕೊಂಡು ಬಾ."

"ಸರಿ ಅವ್ವ" ಅಂದ ಬೆಟ್ಟಯ್ಯ.

ಹೋದ. ಮಾವ ಹೊಲದಲ್ಲಿದ್ದ. ಅತ್ತೆ ಕೊಟ್ಟಿಗೆ ತೋರಿಸಿ, "ಬೇಕಾದ್ದು ಹಿಡಕೊಳಪ್ಪ" ಅಂದಳು. ಬೆಟ್ಟಯ್ಯ ಒಂದೊಂದಕ್ಕೂ ಹಗ್ಗ ಹಿಡಿದ. ಸಂಜೆಗೆ ಹಿಡಿದುಕೊಂಡು ಬಂದದ್ದು ಎಮ್ಮೆ.

"ಇದೇನೋ ಇದು?"

"ಗಂಟಿಗೆ ಸಮ ಅವ್ವ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಎಮ್ಮೆ ಕಟ್ಟಿ ಉಳ್ತೀಯೇನೋ, ಗೂಬೆ! ಎತ್ತಿಗೆ ಲಕ್ಷಣ ಬೇಡವಾ? ಮುಖ ಉದ್ದವಾಗಿರಬೇಕು, ಹಣೆ ನಡುವೆ ಗೆರೆ ಬಿದ್ದಿರಬೇಕು. ಕೊಂಬು ಬುಡದಲ್ಲಿ ಹತ್ತಿರ ಹುಟ್ಟಿ, ಹಿಂದಕ್ಕೆ ಹೋಗಿ, ತುದಿ ಮುಂದಕ್ಕೆ ಬಾಗಿರಬೇಕು. ಕತ್ತಿನ ಕೆಳಗಿನ ಗಂಗೆದೊಗಲು ಜೋಲಬಾರದು. ಇನ್ನು ಮೇಲೆ ಲಕ್ಷಣ ನೋಡು."

"ಸರಿ ಅವ್ವ" ಅಂದ ಬೆಟ್ಟಯ್ಯ.

ಮರುದಿನ ಲಕ್ಷಣ ನೋಡಿದ. ಮುಖ ಉದ್ದ, ಇತ್ತು. ಹಣೆಯ ಗೆರೆ, ಇತ್ತು. ಕೊಂಬು ಹೇಳಿದ ಹಾಗೇ ಬಾಗಿತ್ತು. ಅತ್ತೆ, "ಅದನ್ನ ಯಾಕಪ್ಪ?" ಅಂದಳು. "ಲಕ್ಷಣ ಅತ್ತೆ" ಅಂದು ಹೊಡಕೊಂಡು ಬಂದ. ಎತ್ತು ಅಂಗಳಕ್ಕೆ ಬಂದದ್ದೇ ಮಲಗಿತು. ಹುಲ್ಲು ಹಾಕಿದರೆ ಮೂಸಿ ಸುಮ್ಮನಾಯಿತು. ಹೊನ್ನಾಜಮ್ಮ ಬಾಯಿ ಬಿಡಿಸಿದಳು. ಹಲ್ಲೆಲ್ಲ ಸವೆದು ಹೋಗಿತ್ತು.

"ಅಯ್ಯೋ ಶಿವನೇ, ನನ್ನ ಮದುವೆಗೆ ಗಾಡಿ ಎಳೆದ ಎತ್ತಿನ ಹಾಗಿದೆಯಲ್ಲೋ!"

"ಲಕ್ಷಣ ಎಲ್ಲ ಇದೆ ಅವ್ವ."

"ಲಕ್ಷಣ ಇಟ್ಟುಕೊಂಡು ಪೂಜೆ ಮಾಡಲಾ? ಹಟ್ಟಿಗೆ ಹೋದ ತಕ್ಷಣ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸಬೇಕು. ಆರು ಹಲ್ಲಾದರೆ ಒಳ್ಳೇದು. ಆಮೇಲೆ ಮಿಕ್ಕ ಮಾತು."

"ಸರಿ ಅವ್ವ" ಅಂದ ಬೆಟ್ಟಯ್ಯ.

ಮೂರನೆಯ ದಿನ ಹಟ್ಟಿಯ ಬಾಗಿಲಲ್ಲಿ ಮಾವ ದೊಡ್ಡಮರಿಯಪ್ಪನೇ ನಿಂತಿದ್ದ. "ಬಾರಪ್ಪ, ಅಕ್ಕ ಹೇಗಿದ್ದಾಳೆ?" ಅಂದ. ಬೆಟ್ಟಯ್ಯ ಮಾವನ ದವಡೆ ಹಿಡಿದು ಬಾಯಿ ಬಿಡಿಸಿದ, ಬೆರಳು ಹಾಕಿ ಎಣಿಸಿದ.

"ಎರಡೇ. ನೀನು ಬೇಡ ಮಾವ."

ಮಾವ ಬಾಯಿ ಒರೆಸಿಕೊಂಡ. ಆಮೇಲೆ ತಾನೇ ಒಂದು ಆರು ಹಲ್ಲಿನ ಎತ್ತನ್ನು ಬಿಚ್ಚಿ ಅಕ್ಕನ ಮನೆಗೆ ಹೊಡೆದುಕೊಂಡು ಬಂದ.

"ಅಕ್ಕ, ಇವನನ್ನ ಮಾತ್ರ ಇನ್ನು ಕಳಿಸಬೇಡ. ಎತ್ತು ನಾನೇ ತಂದಿದ್ದೀನಿ. ಆದರೆ ನಿಮ್ಮದಕ್ಕಿಂತ ನಾಲ್ಕು ಬೆರಳು ಎತ್ತರ."

ಹೊನ್ನಾಜಮ್ಮನಿಗೆ ನಾಚಿಕೆಯಾಯಿತು. ಎಮ್ಮೆಯನ್ನೂ ಮುದಿ ಎತ್ತನ್ನೂ ತಾನೇ ಹಟ್ಟಿಗೆ ಮುಟ್ಟಿಸಿ, ತಮ್ಮನ ಹೆಂಡತಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಬರುತ್ತೇನೆಂದು ತಮ್ಮನ ಜೊತೆ ಹೊರಟಳು. ಹೊರಡುವಾಗ ಮಗನಿಗೆ ಹೇಳಿದಳು:

"ನಾನು ಬರೋದು ಎರಡು ದಿನ ಆಗುತ್ತೆ. ನೀನು ಹೂಡು. ಆದರೆ ನೋಡು, ನೊಗ ಓರೆಯಾದರೆ ಗಿಡ್ಡ ಎತ್ತಿನ ಹೆಗಲು ಹುಣ್ಣಾಗುತ್ತೆ. ಎರಡನ್ನೂ ಸಮ ಮಾಡಿಕೊಂಡು ಹೂಡು. ಸಮ ಆಗದೆ ನೊಗ ಇಡಬೇಡ."

ಗಿಡ್ಡದರ ಹೆಗಲಿಗೆ ಗೋಣಿ ಮಡಿಸಿ ಹಾಕಬೇಕೆನ್ನುವುದು ಊರಿನ ಮಕ್ಕಳಿಗೂ ಗೊತ್ತಿತ್ತು. ಅದನ್ನು ಬಿಡಿಸಿ ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

"ಸರಿ ಅವ್ವ" ಅಂದ ಬೆಟ್ಟಯ್ಯ.

ಎರಡನೆಯ ದಿನ ಸಂಜೆ ಅವಳು ನೇರ ಹೊಲಕ್ಕೇ ಬಂದಳು. ನೊಗ ಬದುವಿನ ಮೇಲೆ ಬಿದ್ದಿತ್ತು, ನೇಗಿಲಿಗೆ ಮಣ್ಣೇ ಮೆತ್ತಿರಲಿಲ್ಲ. ಎತ್ತುಗಳೆರಡೂ ಹೊಲದ ನಡುವೆ ಮೆಲುಕು ಹಾಕುತ್ತ ನಿಂತಿದ್ದವು. ಬೆಟ್ಟಯ್ಯ ಮೈಯೆಲ್ಲ ಮಣ್ಣಾಗಿ, ಗುದ್ದಲಿ ಊರಿಕೊಂಡು ತಲೆ ಕೆರೆಯುತ್ತಿದ್ದ.

"ಉಳಲಿಲ್ಲವೇನೋ?"

"ಎಲ್ಲಿ ಉಳೋದು ಅವ್ವ, ಸಮ ಆಗಬೇಕಲ್ಲ. ಎತ್ತರದ ಎತ್ತು ನಡೆಯೋ ದಾರಿ ಉದ್ದಕ್ಕೂ ನಾಲ್ಕು ಬೆರಳು ಅಗೆದೆ. ಸಮ ಆಯಿತು. ಆ ಕೊನೆಗೆ ಹೋಗಿ ತಿರುಗಿದರೆ ದಾರಿ ಇನ್ನೊಂದು ಕಡೆಗೆ ಬಂತು. ಅಲ್ಲೂ ಅಗೆದೆ. ಅದರ ಪಕ್ಕದ ಸಾಲಿಗೆ ಮತ್ತೊಂದು ದಾರಿ ಬೇಕಲ್ಲ, ಅದನ್ನೂ ಅಗೆದೆ."

ಹೊನ್ನಾಜಮ್ಮ ಸುತ್ತ ನೋಡಿದಳು. ಈ ಬದುವಿನಿಂದ ಆ ಬದುವಿನವರೆಗೆ ಒಂದು ಗೇಣು ಜಾಗ ಬಿಟ್ಟಿರಲಿಲ್ಲ. ಮಣ್ಣೆಲ್ಲ ಮಗುಚಿ ಪುಡಿಯಾಗಿ, ರಾಗಿಗೆ ಹೇಳಿ ಮಾಡಿಸಿದ ಹಾಗೆ ಬಿದ್ದಿತ್ತು. ಅವಳು ಸುಮ್ಮನೆ ಕೈ ಮುಗಿದಳು. ದೇವರಿಗೋ ಮಗನಿಗೋ ಅವಳಿಗೇ ತಿಳಿಯಲಿಲ್ಲ.

ಬೆಟ್ಟಯ್ಯನಿಗೆ ಮಾತ್ರ ಅಳು ಬಂದಿತ್ತು.

"ಒಂದು ಅರ್ಥ ಆಗಲಿಲ್ಲ ಅವ್ವ. ಹೊಲವೆಲ್ಲ ಅಗೆದು ಎರಡನ್ನೂ ತಂದು ನಿಲ್ಲಿಸಿದೆ. ಆ ಎತ್ತು ಮತ್ತೆ ನಾಲ್ಕು ಬೆರಳು ಎತ್ತರ ಆಗಿಬಿಟ್ಟಿದೆ."

"ಇರಲಿ ಬಿಡು ಮಗನೇ, ಸಾಕು" ಎಂದು ಹೊನ್ನಾಜಮ್ಮ ಬಿತ್ತನೆ ರಾಗಿ ತರಲು ಮನೆಗೆ ಓಡಿದಳು.

ಅವಳು ರಾಗಿಯ ಕುಕ್ಕೆ ಹೊತ್ತು ತಿರುಗಿ ಬರುವಷ್ಟರಲ್ಲಿ, ಬೆಟ್ಟಯ್ಯ ಮೊದಲನೆಯ ಮೂಲೆಯಿಂದ ಮತ್ತೆ ನಾಲ್ಕು ಬೆರಳು ಅಗೆಯಲು ಶುರು ಮಾಡಿದ್ದ.